ತಿರುಗುವ ಒಗಟುಗಳ ಆರೈಕೆ ಮತ್ತು ದುರಸ್ತಿ

ನವರಾತ್ರಿ ಸಮೀಪಿಸಿತೆಂದರೆ ಕನ್ನಡಿಗರ ಮನೆಗಳಲ್ಲಿ ಗೊಂಬೆಯ ಪೆಟ್ಟಿಗೆ ಅಟ್ಟದಿಂದ ಕೆಳಗಿಳಿಯುತ್ತದೆ. ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ಪಟ್ಟದ ಗೊಂಬೆಗಳನ್ನು ಒಂದೊಂದಾಗಿ ಬಿಡಿಸಿ, ಧೂಳು ಒರೆಸಿ, ಬಣ್ಣ ಹಾರಿದ ಕಡೆ ನೋಡಿ, ಹಬ್ಬ ಮುಗಿದ ಮೇಲೆ ಮತ್ತೆ ಜೋಪಾನವಾಗಿ ಸುತ್ತಿಡುವುದು ತಲೆಮಾರುಗಳಿಂದ ಬಂದ ವಾಡಿಕೆ. ಮೈಸೂರಿನಿಂದಲೋ ಧಾರವಾಡದಿಂದಲೋ ದೆಹಲಿಗೆ ಬಂದು ನೆಲೆಸಿದ ಕುಟುಂಬಗಳು ಸರ್ಕಾರಿ ವಸತಿಯಿಂದ ಸರ್ಕಾರಿ ವಸತಿಗೆ, ಅಲ್ಲಿಂದ ಮಯೂರ್ ವಿಹಾರಕ್ಕೋ ನೋಯಿಡಾಕ್ಕೋ ಮನೆ ಬದಲಿಸುವಾಗಲೂ ಆ ಪೆಟ್ಟಿಗೆಯನ್ನು ಕೈಬಿಡಲಿಲ್ಲ. ವಸ್ತುಗಳನ್ನು ಕೂಡಿಡುವುದು ಬೇರೆ, ಕಾಪಾಡುವುದು ಬೇರೆ ಎಂಬ ತಿಳಿವಳಿಕೆ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ.

ಇಂದು ಅದೇ ಮನೆಗಳ ಕಪಾಟುಗಳಲ್ಲಿ ಇನ್ನೊಂದು ಬಗೆಯ ಸಂಗ್ರಹ ಬೆಳೆದಿದೆ. ಬಣ್ಣಬಣ್ಣದ ಮುಖಗಳುಳ್ಳ, ಕೈಯಲ್ಲಿ ಹಿಡಿದು ತಿರುಗಿಸುವ ಒಗಟುಗಳು, ಎಂದರೆ ರೂಬಿಕ್ಸ್ ಕ್ಯೂಬ್ ಮತ್ತು ಅದರ ಬಳಗ. ಮಕ್ಕಳು ಓದಿಗೋ ಉದ್ಯೋಗಕ್ಕೋ ಹೊರಟುಹೋದ ಮೇಲೆ ಉಳಿದುಬಿಟ್ಟ ಕ್ಯೂಬು, 1980ರ ದಶಕದಲ್ಲಿ ವಿದೇಶದಿಂದ ಬಂದವರು ತಂದುಕೊಟ್ಟ ಹಳೆಯ ಕ್ಯೂಬು, ಮೊಮ್ಮಗ ಬಿಟ್ಟುಹೋದ ಹೊಸ ಮಾದರಿಯ ಕ್ಯೂಬು ಇವೆಲ್ಲ ಅಲ್ಲಿ ಕಾಣಸಿಗುತ್ತವೆ. ಇವುಗಳಲ್ಲಿ ಬಹುಪಾಲು ಸಿಕ್ಕಿಕೊಂಡು ತಿರುಗದಂತಾಗಿರುತ್ತವೆ, ಇಲ್ಲವೆ ಒಂದು ತುಂಡನ್ನು ಕಳೆದುಕೊಂಡಿರುತ್ತವೆ. ಕೆಟ್ಟುಹೋಯಿತೆಂದು ಅವುಗಳನ್ನು ಎಸೆಯುವುದು ಸುಲಭ. ಆದರೆ ಇವು ಬಿಚ್ಚಿ ಜೋಡಿಸಲು ಬರುವಂಥ ಯಂತ್ರಗಳು. ಒಳರಚನೆಯನ್ನು ತಿಳಿದವರಿಗೆ ಇವುಗಳ ದುರಸ್ತಿ ಕಷ್ಟವಲ್ಲ.

ಹಂಗೇರಿಯಿಂದ ಬಂದ ಎರಡು ಕಾಣಿಕೆಗಳು

ಬೂಡಾಪೆಸ್ಟ್ ನಗರದಲ್ಲಿ ವಾಸ್ತುಶಿಲ್ಪ ಮತ್ತು ವಿನ್ಯಾಸದ ಅಧ್ಯಾಪಕರಾಗಿದ್ದ ಎರ್ನೋ ರೂಬಿಕ್ ಅವರು ಈ ಘನವನ್ನು 1974ರಲ್ಲಿ ರೂಪಿಸಿದರು. ಮೊದಲ ಮಾದರಿ ಮರದ್ದು. ತುಂಡುಗಳನ್ನು ರಬ್ಬರ್ ಪಟ್ಟಿಗಳಿಂದ ಬಿಗಿದು ನೋಡಿದಾಗ ಪಟ್ಟಿಗಳು ಹರಿದುಹೋದವು. ಆಗ ಅವರಿಗೆ ಹೊಳೆದ ಉಪಾಯವೇ ಈ ಆಟಿಕೆಯ ಜೀವಾಳ. ತುಂಡುಗಳನ್ನು ಹೊರಗಿನಿಂದ ಯಾವುದೂ ಕಟ್ಟಿಹಾಕಬೇಕಾಗಿಲ್ಲ, ಆಕಾರದ ಬಲದಿಂದ ಅವೇ ಒಂದನ್ನೊಂದು ಹಿಡಿದು ನಿಲ್ಲಬಲ್ಲವು. ತಾವೇ ಮಾಡಿದ ಒಗಟನ್ನು ಬಿಡಿಸಲು ಅವರಿಗೆ ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. 1977ರಲ್ಲಿ ಹಂಗೇರಿಯ ಅಂಗಡಿಗಳಿಗೆ ಬಂದ ಘನವು 1980ರಲ್ಲಿ ಲೋಕದ ಮಾರುಕಟ್ಟೆಗೆ ಕಾಲಿಟ್ಟಿತು. 1982ರಲ್ಲಿ ಮೊದಲ ವಿಶ್ವಸ್ಪರ್ಧೆ ಬೂಡಾಪೆಸ್ಟಿನಲ್ಲೇ ನಡೆಯಿತು.

ದೆಹಲಿಯ ಪ್ರಸಿದ್ಧ ಸಂಗ್ರಹವೊಂದರ ಮೂಲದಲ್ಲಿಯೂ ಹಂಗೇರಿಯ ಹೆಸರು ಬರುತ್ತದೆ. ಬಹಾದುರ್ ಷಾ ಜಫರ್ ಮಾರ್ಗದ ನೆಹರೂ ಭವನದಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರು 1965ರಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಗೊಂಬೆಗಳ ಸಂಗ್ರಹಾಲಯವು, ಹಂಗೇರಿಯ ರಾಜತಾಂತ್ರಿಕರೊಬ್ಬರು ಅವರಿಗೆ ಕೊಟ್ಟ ಒಂದು ಗೊಂಬೆಯಿಂದ ಮೊದಲಾಯಿತು. ಒಂದು ಗೊಂಬೆ ಸಾವಿರಾರು ಗೊಂಬೆಗಳ ಸಂಗ್ರಹವಾಗಿ ಬೆಳೆಯಿತು. ಒಗಟುಗಳ ವಿಷಯದಲ್ಲಿ ಇಂಥದೇ ಸಾಧನೆ ಅಮೆರಿಕದ ಜೆರ್ರಿ ಸ್ಲೋಕಂ ಅವರದು. ಬಾಲ್ಯದಿಂದ ಕೂಡಿಸಿದ ಯಾಂತ್ರಿಕ ಒಗಟುಗಳ ಭಂಡಾರವನ್ನು ಅವರು ಇಂಡಿಯಾನಾ ವಿಶ್ವವಿದ್ಯಾಲಯದ ಲಿಲ್ಲಿ ಗ್ರಂಥಾಲಯಕ್ಕೆ ಒಪ್ಪಿಸಿದರು. ಅಲ್ಲಿ ಈಗ ಮೂವತ್ತು ಸಾವಿರಕ್ಕೂ ಹೆಚ್ಚು ಒಗಟುಗಳು ಪುಸ್ತಕಗಳಷ್ಟೇ ಗೌರವದಿಂದ ರಕ್ಷಣೆ ಪಡೆಯುತ್ತಿವೆ.

ಬುದ್ಧಿಯ ಆಟ ಕನ್ನಡಿಗರಿಗೆ ಹೊಸದೇನೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆ ನಡಿಗೆಯ ಸಮಸ್ಯೆಗಳನ್ನು ಬಿಡಿಸಿ, ನಾನಾ ಬಗೆಯ ಹಾಸುಗಳ ಆಟಗಳನ್ನು ಕಲ್ಪಿಸಿ ಪೋಷಿಸಿದ ದೊರೆ. ಅವರ ಆಟದ ಹಾಸುಗಳು ಇಂದಿಗೂ ನೋಡಲು ಉಳಿದಿರುವುದಕ್ಕೆ ಯಾರೋ ಅವುಗಳನ್ನು ಜೋಪಾನ ಮಾಡಿದ್ದೇ ಕಾರಣ.

ಘನದ ಒಳಮನೆ

ಹೊರಗಿನಿಂದ ಇಪ್ಪತ್ತೇಳು ಚಿಕ್ಕ ಘನಗಳಂತೆ ತೋರಿದರೂ ಒಳಗೆ ಇರುವುದು ಬೇರೆಯೇ. ನಡುವಿನಲ್ಲಿ ಆರು ದಿಕ್ಕುಗಳಿಗೆ ತೋಳು ಚಾಚಿದ ಒಂದು ನಡುತುಂಡು ಇದೆ. ಪ್ರತಿಯೊಂದು ತೋಳಿನ ತುದಿಗೂ ಒಂದು ಮುಖದ ನಡುಚೌಕವನ್ನು ತಿರುಪುಮೊಳೆಯಿಂದಲೂ ಸ್ಪ್ರಿಂಗಿನಿಂದಲೂ ಸೇರಿಸಿರುತ್ತಾರೆ. ಈ ಆರು ನಡುಚೌಕಗಳು ಇದ್ದಲ್ಲಿಯೇ ಸುತ್ತುತ್ತವೆಯೇ ಹೊರತು ಪರಸ್ಪರ ಸ್ಥಾನ ಬದಲಿಸುವುದಿಲ್ಲ. ಹನ್ನೆರಡು ಅಂಚಿನ ತುಂಡುಗಳ ಪಾದಗಳು ನಡುಚೌಕಗಳ ಅಡಿಗೆ ಸೇರಿಕೊಂಡಿರುತ್ತವೆ. ಎಂಟು ಮೂಲೆಯ ತುಂಡುಗಳ ಪಾದಗಳು ಅಂಚಿನ ತುಂಡುಗಳ ಅಡಿಯಲ್ಲಿ ಅಡಗಿರುತ್ತವೆ. ಹೀಗೆ ನಡುವಿನದು ಅಂಚನ್ನೂ, ಅಂಚು ಮೂಲೆಯನ್ನೂ ಹಿಡಿದಿರುತ್ತದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ನಮ್ಮ ಹಳೆಯ ದೇಗುಲಗಳ ಕಟ್ಟಡ ಇದಕ್ಕೆ ಒಳ್ಳೆಯ ಹೋಲಿಕೆ.

ಇದನ್ನು ತಿಳಿದರೆ ಘನ ಏಕೆ ಕೆಡುತ್ತದೆಂಬುದೂ ತಿಳಿಯುತ್ತದೆ. ಪಾದಗಳು ಜಾರುವ ದಾರಿಯಲ್ಲಿ ಧೂಳು ಕುಳಿತರೆ ತಿರುಗುವಿಕೆ ಬಿಗಿಯಾಗುತ್ತದೆ. ಸ್ಪ್ರಿಂಗು ತುಕ್ಕು ಹಿಡಿದರೆ ಒಂದು ಮುಖ ಮಾತ್ರ ಕಿರುಗುಟ್ಟುತ್ತದೆ. ಒಂದು ತಿರುಪುಮೊಳೆ ಸಡಿಲಾದರೆ ಆ ಬದಿಯ ತುಂಡುಗಳು ಆಟದ ಮಧ್ಯೆ ಉದುರುತ್ತವೆ. ಬಲವಂತದಿಂದ ತಿರುಗಿಸಿದರೆ ಪಾದವೇ ಮುರಿಯುತ್ತದೆ. ಆದುದರಿಂದ ಸಿಕ್ಕಿಕೊಂಡ ಘನವನ್ನು ಬಲವಂತವಾಗಿ ತಿರುಗಿಸಕೂಡದು.

ಬಿಚ್ಚುವ ಕ್ರಮ

ಬಿಚ್ಚುವ ಮೊದಲು ಘನವನ್ನು ಬಿಡಿಸಿ ಎಲ್ಲ ಬಣ್ಣಗಳನ್ನೂ ಸರಿಪಡಿಸಿಕೊಂಡರೆ ಮುಂದಿನ ಕೆಲಸ ಹಗುರಾಗುತ್ತದೆ. ಬಿಡಿಸಲು ಬಾರದವರು ಆರು ಮುಖಗಳ ನಡುಚೌಕದ ಬಣ್ಣಗಳನ್ನು ಕಾಗದದ ಮೇಲೆ ಗುರುತು ಮಾಡಿಟ್ಟುಕೊಳ್ಳಬೇಕು. ಅನಂತರ ಅಗಲವಾದ ಒಂದು ತಟ್ಟೆಯ ಮೇಲೆ ಬಿಳಿಯ ಬಟ್ಟೆ ಹಾಸಿ ಕೆಲಸಕ್ಕೆ ಕೂರುವುದು ಉತ್ತಮ. ಜಿಗಿದು ಬಿದ್ದ ಸ್ಪ್ರಿಂಗು ದಿವಾನದ ಅಡಿಗೆ ಸೇರಿದರೆ ಹುಡುಕಿ ತೆಗೆಯುವುದು ಕಷ್ಟ.

ಮೇಲಿನ ಮುಖವನ್ನು ಪೂರ್ತಿ ತಿರುಗಿಸದೆ ಅರ್ಧಕ್ಕೆ, ಎಂದರೆ 45 ಅಂಶಗಳಷ್ಟು, ತಿರುಗಿಸಿ ನಿಲ್ಲಿಸಬೇಕು. ಆಗ ಹೊರಚಾಚಿದ ಅಂಚಿನ ತುಂಡನ್ನು ಹೆಬ್ಬೆರಳಿನಿಂದ ಮೆಲ್ಲನೆ ಮೇಲಕ್ಕೆ ಎತ್ತಿದರೆ ಅದು ಕಳಚಿ ಬರುತ್ತದೆ. ಹಳೆಯ ಬಿಗಿಯಾದ ಘನವಾದರೆ ತುದಿಗೆ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರಿನ ನೆರವು ಪಡೆಯಬಹುದು. ಮೊದಲು ಅಂಚಿನ ತುಂಡನ್ನೇ ತೆಗೆಯಬೇಕು, ಮೂಲೆಯಿಂದ ಆರಂಭಿಸಿದರೆ ಪಾದ ಮುರಿಯುವ ಸಂಭವವುಂಟು. ಒಂದು ಅಂಚು ಹೊರಬಂದರೆ ಉಳಿದವು ತಾವಾಗಿ ಸಡಿಲಗೊಳ್ಳುತ್ತವೆ.

ಆದರೆ ಎಲ್ಲ ಒಗಟುಗಳಿಗೂ ಇದೇ ಕ್ರಮ ಸಲ್ಲದು. 1980ರ ದಶಕದ ನಾಲ್ಕು ಸಾಲಿನ ಘನದಲ್ಲಿ ತುಂಡುಗಳು ಒಳಗಿನ ಒಂದು ಗೋಳದ ಗಾಡಿಗಳಲ್ಲಿ ಜಾರುತ್ತವೆ. ಅವುಗಳ ಕುತ್ತಿಗೆ ತೀರ ತೆಳುವಾದುದರಿಂದ ಹಳೆಯ ಮಾದರಿಗಳಲ್ಲಿ ಮುರಿಯುವುದು ಸಾಮಾನ್ಯ. ಅದೇ ದಶಕದ ಮಧ್ಯಭಾಗದಲ್ಲಿ ಬಂದ ರೂಬಿಕ್ಸ್ ಮ್ಯಾಜಿಕ್ ಎಂಬ ಮಡಚುವ ಒಗಟಿನಲ್ಲಿ ಎಂಟು ಚೌಕಗಳನ್ನು ಹಿಡಿದಿರುವುದು ಮೀನುಗಾಳದ ದಾರದಂಥ ನೈಲಾನ್ ಎಳೆಗಳು. ಒಂದು ಎಳೆ ಕಳಚಿದರೆ ಚೌಕಗಳ ಮೂಲೆಯ ಗಾಡಿಗಳಲ್ಲಿ ಅದನ್ನು ಮತ್ತೆ ಕೂರಿಸಬೇಕು. ಹಳೆಯ ಎಳೆಯನ್ನು ಎಳೆದು ಹಿಗ್ಗಿಸಿದರೆ ಅದು ತುಂಡಾಗುತ್ತದೆ. ಇಂಥವನ್ನು ಕಾರಣವಿಲ್ಲದೆ ಬಿಚ್ಚದಿರುವುದೇ ಅವುಗಳ ಆರೈಕೆ.

ದೆಹಲಿಯ ಹವೆ ಮತ್ತು ಎಣ್ಣೆಯ ಪ್ರಶ್ನೆ

ಮೇ ಮತ್ತು ಜೂನ್ ತಿಂಗಳುಗಳಲ್ಲಿ ರಾಜಸ್ಥಾನದ ಕಡೆಯಿಂದ ಬೀಸುವ ಆಂಧಿಯು ಮುಚ್ಚಿದ ಕಿಟಕಿಯ ಸಂದಿನಿಂದಲೂ ನುಣ್ಣನೆಯ ಮಣ್ಣನ್ನು ಒಳಗೆ ತರುತ್ತದೆ. ಜುಲೈಯಿಂದ ಸೆಪ್ಟೆಂಬರಿನವರೆಗೆ ತೇವ, ಡಿಸೆಂಬರ್ ಮತ್ತು ಜನವರಿಯಲ್ಲಿ ಕೊರೆಯುವ ಚಳಿ. ಈ ಮೂರೂ ಒಗಟುಗಳಿಗೆ ಹಿತವಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟ ಘನದ ಬಣ್ಣದ ಚೀಟಿಗಳ ಅಂಟು ಕರಗಿ ಅವು ಜಾರುತ್ತವೆ. ಕಿಟಕಿಯ ಬಿಸಿಲು ಬಿದ್ದರೆ ಬಿಳಿಯ ಪ್ಲಾಸ್ಟಿಕ್ ಹಳದಿಗೆ ತಿರುಗುತ್ತದೆ.

ಕೀಲು ಬಿಗಿಯಾಯಿತೆಂದರೆ ಎಣ್ಣೆ ಬಿಡುವುದು ನಮ್ಮವರ ರೂಢಿ. ಬಾಗಿಲಿನ ತಿರುಗಣಿಗೆ ಒಪ್ಪುವ ಈ ಉಪಚಾರ ಘನಕ್ಕೆ ಒಪ್ಪುವುದಿಲ್ಲ. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ದೆಹಲಿಯ ಚಳಿಗಾಲದಲ್ಲಿ ಅದು ಘನದೊಳಗೆ ಮೇಣದಂತೆ ಕೂತು, ಬೇಸಿಗೆಯಲ್ಲಿ ಕಮಟು ಹಿಡಿದು ಆಂಧಿಯ ಮಣ್ಣನ್ನೆಲ್ಲ ಹೀರಿಕೊಳ್ಳುತ್ತದೆ. ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಮೊದಲಾದ ಪೆಟ್ರೋಲಿಯಂ ಮೂಲದ ವಸ್ತುಗಳು ಕಾಲಕ್ರಮದಲ್ಲಿ ಪ್ಲಾಸ್ಟಿಕ್ಕನ್ನು ದುರ್ಬಲಗೊಳಿಸಿ ಬಿರುಕು ಬಿಡಿಸಬಲ್ಲವು. ಉಗುರುಬಣ್ಣ ತೆಗೆಯುವ ಅಸಿಟೋನ್ ಅಂತೂ ಘನದ ಎ.ಬಿ.ಎಸ್. ಪ್ಲಾಸ್ಟಿಕ್ಕನ್ನು ಕರಗಿಸಿಯೇ ಬಿಡುತ್ತದೆ. ಇದಕ್ಕೆ ತಕ್ಕುದು ಶುದ್ಧ ಸಿಲಿಕೋನ್ ಎಣ್ಣೆ. ಎರಡು ಮೂರು ಹನಿ ಸಾಕು, ಹೆಚ್ಚಾದರೆ ಘನ ಮತ್ತೆ ನಿಧಾನವಾಗುತ್ತದೆ.

ಕೊಳೆ ಹೆಚ್ಚಾಗಿದ್ದರೆ ಮೂಲೆ ಮತ್ತು ಅಂಚಿನ ತುಂಡುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸೌಮ್ಯವಾದ ಸೋಪು ಬೆರೆಸಿ ತೊಳೆಯಬಹುದು. ನಡುತುಂಡು, ತಿರುಪುಮೊಳೆ, ಸ್ಪ್ರಿಂಗುಗಳನ್ನು ನೀರಿಗೆ ಹಾಕದೆ ಒಣ ಕುಂಚದಿಂದ ಶುಚಿಮಾಡಬೇಕು. ಕಾಗದದ ಚೀಟಿ ಅಂಟಿಸಿದ ಹಳೆಯ ತುಂಡುಗಳಿಗೂ ನೀರು ಸಲ್ಲದು. ಗಡಸು ನೀರು ಒಣಗಿದರೆ ಬಿಳಿಯ ಕಲೆ ಉಳಿಯುವುದರಿಂದ ತೊಳೆದೊಡನೆ ಒರೆಸಿ, ಒಂದು ಹಗಲು ಒಂದು ರಾತ್ರಿ ನೆರಳಿನಲ್ಲಿ ಆರಿಸಬೇಕು.

ಬಿಗಿಯನ್ನು ಹೊಂದಿಸುವಾಗ ಆರೂ ತಿರುಪುಮೊಳೆಗಳನ್ನು ಸಮನಾಗಿ ಹೊಂದಿಸಬೇಕು. ತಿರುಪುಮೊಳೆ ಹಿಡಿದಿರುವುದು ಮೆತುವಾದ ಪ್ಲಾಸ್ಟಿಕ್ಕಿನಲ್ಲಿ. ಪೂರ್ತಿ ತೆಗೆದ ಮೊಳೆಯನ್ನು ಮತ್ತೆ ಹಾಕುವಾಗ ಮೊದಲು ಹಿಂದಕ್ಕೆ ಮೆಲ್ಲನೆ ತಿರುಗಿಸಿ, ಹಳೆಯ ಸುತ್ತಿಗೆ ಅದು ಟಕ್ಕೆಂದು ಇಳಿದುದನ್ನು ಬೆರಳಿನಿಂದ ತಿಳಿದು, ಅನಂತರ ಮುಂದಕ್ಕೆ ತಿರುಗಿಸಬೇಕು. ಇಲ್ಲವಾದರೆ ಹೊಸ ಸುತ್ತು ಕೊರೆದು ಹಿಡಿತವೇ ಹೋಗುತ್ತದೆ. ಕಳೆದುಹೋದ ಬಿಡಿಭಾಗಕ್ಕೆ ಸದರ್ ಬಜಾರಿನಲ್ಲಿ ಅಗ್ಗವಾಗಿ ಸಿಗುವ ಅದೇ ಅಳತೆಯ ಸಾಮಾನ್ಯ ಘನವೊಂದನ್ನು ಕೊಂಡು ಅದರಿಂದ ತೆಗೆದುಕೊಳ್ಳಬಹುದು. ಕೊಳ್ಳುವ ಮೊದಲು ಪಾದಗಳ ಆಕಾರ ಹೊಂದುವುದೇ ಎಂದು ನೋಡುವುದು ಅವಶ್ಯ.

ಹನ್ನೆರಡರಲ್ಲಿ ಒಂದು

ಬಿಚ್ಚಿದುದನ್ನು ಮತ್ತೆ ಜೋಡಿಸುವಾಗ ಅನೇಕರು ಎಡವುವುದು ಇಲ್ಲಿಯೇ. ಎಲ್ಲ ತುಂಡುಗಳೂ ತಮ್ಮ ತಮ್ಮ ಗೂಡಿಗೆ ಸೇರಿದುವೆಂಬ ಮಾತ್ರಕ್ಕೆ ಘನ ಸರಿಯಾಯಿತೆಂದಲ್ಲ. ಮನಬಂದಂತೆ ಜೋಡಿಸಿದ ಘನವು ಬಿಡಿಸಲು ಬರುವಂತಿರುವ ಸಂಭವ ಹನ್ನೆರಡರಲ್ಲಿ ಒಂದು ಮಾತ್ರ.

ಇದಕ್ಕೆ ಮೂರು ಕಾರಣಗಳಿವೆ. ಮುಖಗಳನ್ನು ತಿರುಗಿಸುವುದರಿಂದ ಒಂದೇ ಒಂದು ಮೂಲೆಯ ತುಂಡನ್ನು ಮಾತ್ರ ಇದ್ದಲ್ಲಿಯೇ ತಿರುಚಲು ಸಾಧ್ಯವಿಲ್ಲ. ಮೂಲೆಗೆ ಮೂರು ಭಂಗಿಗಳಿರುವುದರಿಂದ ತಪ್ಪಾಗುವ ದಾರಿ ಮೂರು ಪಟ್ಟು. ಒಂದೇ ಒಂದು ಅಂಚಿನ ತುಂಡನ್ನು ಮಾತ್ರ ಮಗುಚಲೂ ಸಾಧ್ಯವಿಲ್ಲ, ಇದರಿಂದ ಎರಡು ಪಟ್ಟು. ಉಳಿದೆಲ್ಲವನ್ನೂ ಹಾಗೆಯೇ ಇಟ್ಟು ಯಾವುದೇ ಎರಡು ತುಂಡುಗಳನ್ನು ಮಾತ್ರ ಅದಲುಬದಲು ಮಾಡಲೂ ಆಗದು, ಇದರಿಂದ ಇನ್ನೆರಡು ಪಟ್ಟು. ಮೂರು, ಎರಡು, ಎರಡು ಗುಣಿಸಿದರೆ ಹನ್ನೆರಡು. ಸರಿಯಾಗಿ ಜೋಡಿಸಿದ ಘನವು ತಳೆಯಬಹುದಾದ ರೂಪಗಳ ಸಂಖ್ಯೆ 43,252,003,274,489,856,000. ಬಿಚ್ಚಿ ಜೋಡಿಸುವಾಗ ಆಗಬಹುದಾದ ರೂಪಗಳು ಇದರ ಹನ್ನೆರಡು ಪಟ್ಟು. ಸರಿಯಾದ ಘನವನ್ನು ಅದು ಎಷ್ಟೇ ಕಲಸಿಹೋಗಿರಲಿ 20 ತಿರುವುಗಳೊಳಗೆ ಬಿಡಿಸಬಹುದೆಂದು 2010ರಲ್ಲಿ ಸಿದ್ಧವಾಯಿತು. ತಪ್ಪಾಗಿ ಜೋಡಿಸಿದುದನ್ನಾದರೋ ಎಷ್ಟು ತಿರುವಿದರೂ ಬಿಡಿಸಲು ಬಾರದು.

ಎಷ್ಟೋ ಮಕ್ಕಳು ತಮಗೆ ಬುದ್ಧಿ ಸಾಲದೆಂದು ಬೇಸತ್ತು ಕೈಬಿಟ್ಟ ಘನಗಳು ಹೀಗೆ ತಪ್ಪಾಗಿ ಜೋಡಿಸಿದವುಗಳಾಗಿರುವುದುಂಟು. ಬಿದ್ದು ತುಂಡುಗಳು ಚದುರಿದಾಗ ಮನೆಯ ಹಿರಿಯರು ಅಕ್ಕರೆಯಿಂದಲೇ ಜೋಡಿಸಿಕೊಟ್ಟಿರುತ್ತಾರೆ. ತಪ್ಪು ಮಗುವಿನದಲ್ಲ, ಜೋಡಣೆಯದು. ಆದುದರಿಂದ ಯಾವಾಗಲೂ ಬಣ್ಣಗಳು ಕೂಡಿರುವಂತೆಯೇ ಜೋಡಿಸಬೇಕು. ಅಂಚಿನ ತುಂಡೊಂದನ್ನು ಕೊನೆಗೆ ಉಳಿಸಿಕೊಂಡು, ಮುಖವನ್ನು ಅರ್ಧ ತಿರುಗಿಸಿ, ಒತ್ತಿ ಕೂರಿಸಿದರೆ ಕೆಲಸ ಮುಗಿಯುತ್ತದೆ.

ಅಯಸ್ಕಾಂತದ ಅಪಾಯ

ಈಚಿನ ಅನೇಕ ಘನಗಳಲ್ಲಿ ಪ್ರತಿ ತಿರುವೂ ನೇರವಾಗಿ ನಿಲ್ಲಲೆಂದು ತುಂಡುಗಳೊಳಗೆ ಹೆಸರುಕಾಳಿನಷ್ಟು ಚಿಕ್ಕ, ಆದರೆ ಬಹು ಶಕ್ತಿಯುತವಾದ ನಿಯೋಡಿಮಿಯಂ ಅಯಸ್ಕಾಂತಗಳನ್ನು ಅಂಟಿಸಿರುತ್ತಾರೆ. ಅಂಟು ಬಿಟ್ಟು ಇವು ಹೊರಬೀಳುವುದುಂಟು. ಕುದಿನೀರಿನಿಂದ ಇವುಗಳ ಶಕ್ತಿ ಕುಂದುತ್ತದೆ. ಮತ್ತೆ ಅಂಟಿಸುವಾಗ ದಿಕ್ಕು ತಪ್ಪದಂತೆ ಮೊದಲೇ ಮಸಿಯಿಂದ ಗುರುತು ಮಾಡಿಕೊಳ್ಳಬೇಕು.

ಆದರೆ ಇಲ್ಲಿ ಆಟಿಕೆಗಿಂತ ಮುಖ್ಯವಾದ ವಿಷಯವೊಂದಿದೆ. ಚಿಕ್ಕ ಮಗು ಇಂಥ ಎರಡು ಅಯಸ್ಕಾಂತಗಳನ್ನೋ, ಒಂದು ಅಯಸ್ಕಾಂತ ಮತ್ತು ಒಂದು ಕಬ್ಬಿಣದ ಚೂರನ್ನೋ ನುಂಗಿದರೆ, ಅವು ಕರುಳಿನ ಬೇರೆಬೇರೆ ಸುತ್ತುಗಳಲ್ಲಿದ್ದುಕೊಂಡೇ ಒಂದನ್ನೊಂದು ಸೆಳೆಯುತ್ತವೆ. ನಡುವೆ ಸಿಕ್ಕಿದ ಕರುಳಿನ ಗೋಡೆಗೆ ರಕ್ತ ಸಂಚಾರ ನಿಂತು ಅದು ತೂತಾಗಬಹುದು. ಮೊದಮೊದಲು ಕಾಣುವುದು ಸಾಮಾನ್ಯ ಹೊಟ್ಟೆನೋವು ಮತ್ತು ವಾಂತಿ ಮಾತ್ರ. ಕೆಲವೊಮ್ಮೆ ಯಾವ ಲಕ್ಷಣವೂ ತೋರುವುದಿಲ್ಲ. ನಾಣ್ಯ ನುಂಗಿದಾಗ ಮಾಡುವಂತೆ ಮಲದಲ್ಲಿ ಹೋಗಲೆಂದು ಕಾಯುವುದು, ಬಾಳೆಹಣ್ಣು ತಿನ್ನಿಸುವುದು, ಬಲವಂತವಾಗಿ ವಾಂತಿ ಮಾಡಿಸುವುದು ಇವೆಲ್ಲ ತಪ್ಪು. ಸಂಶಯ ಬಂದ ಕೂಡಲೇ ಏನನ್ನೂ ತಿನ್ನಿಸದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದು, ನುಂಗಿರುವುದು ಅಯಸ್ಕಾಂತವೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಅವರು ಕ್ಷಕಿರಣದ ಚಿತ್ರ ತೆಗೆಸಿ ಮುಂದಿನದನ್ನು ನಿರ್ಧರಿಸುತ್ತಾರೆ.

ಆದುದರಿಂದ ದುರಸ್ತಿಯ ಕೆಲಸ ಮುಗಿದ ಮೇಲೆ ಅಯಸ್ಕಾಂತಗಳನ್ನು ಎಣಿಸಿ ನೋಡದೆ ಏಳಬಾರದು. ಕೂಸುಗಳಿರುವ ಮನೆಯಲ್ಲಿ ಅಯಸ್ಕಾಂತವುಳ್ಳ ಘನಗಳನ್ನು ಎತ್ತರದ ಕಪಾಟಿನಲ್ಲಿಡಬೇಕು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡ ಹಿರಿಯರು ಇವುಗಳನ್ನು ಎದೆಯ ಬಳಿಯ ಜೇಬಿನಲ್ಲಿ ಇರಿಸಿಕೊಳ್ಳಬಾರದು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಮಕ್ಕಳಿಗಾಗಿ ಕೊಳ್ಳುವವರು ಈ ಗುರುತನ್ನು ನೋಡಿ ಕೊಳ್ಳಬೇಕು.

ಕೈಬೆರಳುಗಳ ಬಗೆಗೂ ಒಂದು ಮಾತು. ಬಿಗಿಯಾದ ಘನವನ್ನು ಗಂಟೆಗಟ್ಟಲೆ ತಿರುಗಿಸುವುದರಿಂದ ಹೆಬ್ಬೆರಳಿನ ಬುಡದಲ್ಲಿಯೂ ಮಣಿಕಟ್ಟಿನಲ್ಲಿಯೂ ನೋವು ಬರಬಹುದು. ಸಂಧಿವಾತವುಳ್ಳವರು ತಿರುಪುಮೊಳೆಗಳನ್ನು ಸ್ವಲ್ಪ ಸಡಿಲಿಸಿಕೊಂಡು, ನಡುನಡುವೆ ವಿಶ್ರಾಂತಿ ಪಡೆದು ಆಡುವುದು ಒಳ್ಳೆಯದು. ಘನ ಬಿಡಿಸುವುದರಿಂದ ಮುಪ್ಪಿನ ಮರೆವು ಬಾರದೆಂದು ಕೆಲವರು ಹೇಳುವುದು ಅತಿಶಯೋಕ್ತಿ. ಮನಸ್ಸಿಗೆ ಉಲ್ಲಾಸ, ಕೈಗೆ ಕೆಲಸ, ಮೊಮ್ಮಕ್ಕಳೊಡನೆ ಮಾತಿಗೆ ಒಂದು ನೆಪ ಸಿಗುವುದಂತೂ ನಿಜ.

ಮರದ ಒಗಟುಗಳು

ಊರಿಗೆ ಹೋದಾಗ ಚನ್ನಪಟ್ಟಣದಿಂದ ತಂದ ಮರದ ಆಟಿಕೆ, ಒಗಟುಗಳಿಗೆ ಬೇರೆ ನಿಯಮವಿದೆ. ಹಾಲೆಮರವನ್ನು ಕಡೆದು, ತಿರುಗುವ ಮರದ ಬಿಸಿಗೆ ಅರಗಿನ ಬಣ್ಣ ಕರಗಿ ಹತ್ತುವಂತೆ ಮಾಡುವುದು ಅಲ್ಲಿನ ಕುಶಲಕರ್ಮಿಗಳ ವಿಧಾನ. ಅರಗು ಸ್ಪಿರಿಟ್ಟಿನಲ್ಲಿ ಕರಗುವ ವಸ್ತು. ಆದುದರಿಂದ ಶುಚಿಗೆಂದು ಸ್ಯಾನಿಟೈಸರ್ ಹಾಕಿ ಒರೆಸಿದರೆ ಬಣ್ಣವೇ ಬಟ್ಟೆಗೆ ಬರುತ್ತದೆ. ಒಣಗಿದ ಮೆದು ಬಟ್ಟೆಯೊಂದೇ ಇದಕ್ಕೆ ಸಾಕು. ಮಳೆಗಾಲದಲ್ಲಿ ಮರ ಉಬ್ಬಿ ತುಂಡುಗಳು ಸಿಕ್ಕಿಕೊಂಡರೆ ಸುತ್ತಿಗೆಯಿಂದ ತಟ್ಟದೆ ಅಕ್ಟೋಬರಿನವರೆಗೆ ಕಾಯಬೇಕು. ಹವೆ ಒಣಗಿದಂತೆ ಮರ ತಾನಾಗಿ ಸಡಿಲಗೊಳ್ಳುತ್ತದೆ. ಎಲ್ಲಿಯದೆಂದು ತಿಳಿಯದ ಹಳೆಯ ಬಣ್ಣದ ಆಟಿಕೆಗಳನ್ನು ಮರಳುಕಾಗದದಿಂದ ಉಜ್ಜಬಾರದು. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರಬಹುದಾದ್ದರಿಂದ ಆ ಧೂಳು ಮಕ್ಕಳಿಗೆ ಅಪಾಯಕರ.

ದುರಸ್ತಿಯ ಮಿತಿ

ಆಡುವವನ ದುರಸ್ತಿ ಬೇರೆ, ಸಂಗ್ರಾಹಕನ ದುರಸ್ತಿ ಬೇರೆ. ಆಡುವವನಿಗೆ ಘನ ಸಲೀಸಾಗಿ ತಿರುಗಿದರೆ ಸಾಕು. ಸಂಗ್ರಾಹಕನು ಆ ವಸ್ತು ತನ್ನ ಕಾಲವನ್ನು ಹೇಳುವಂತೆಯೂ ಉಳಿಸಬೇಕು. 1980ರ ದಶಕದ ಘನದ ಮಾಸಿದ ಚೀಟಿಗಳನ್ನು ಕಿತ್ತು ಹೊಸದನ್ನು ಅಂಟಿಸಿದರೆ ಅದು ಚೆಂದವಾಗುತ್ತದೆ, ಆದರೆ ಹಳೆಯದಾಗಿ ಉಳಿಯುವುದಿಲ್ಲ. ಚೀಟಿ ತೆಗೆಯಲೇಬೇಕಾದರೆ ಕೂದಲು ಒಣಗಿಸುವ ಯಂತ್ರದ ಬೆಚ್ಚನೆ ಗಾಳಿಯಿಂದ ಅಂಟನ್ನು ಸಡಿಲಿಸಿ, ಕಿತ್ತ ಚೀಟಿಗಳನ್ನು ಲಕೋಟೆಯಲ್ಲಿಟ್ಟು ಜೊತೆಗೆ ಕಾಪಾಡಬೇಕು. ಮುಂದೆ ಬರುವವರು ಹಿಂದಕ್ಕೆ ತಿರುಗಿಸಲು ಸಾಧ್ಯವಾಗುವಂಥ ದುರಸ್ತಿಯನ್ನಷ್ಟೇ ಮಾಡಬೇಕೆಂಬುದು ವಸ್ತುಸಂಗ್ರಹಾಲಯಗಳು ಒಪ್ಪಿರುವ ತತ್ತ್ವ. ಪ್ರತಿ ಒಗಟಿಗೂ ಒಂದು ಪುಟದಂತೆ ಪುಸ್ತಕವಿಟ್ಟು, ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವ ವರ್ಷ ಏನು ಬದಲಿಸಲಾಯಿತು ಎಂಬುದನ್ನು ಬರೆದಿಡುವುದು ಉತ್ತಮ. ಕೆಲವು ವರ್ಷಗಳಾದ ಮೇಲೆ ಆ ಪುಸ್ತಕವೇ ಮನೆತನದ ಚರಿತ್ರೆಯ ಒಂದು ಅಧ್ಯಾಯವಾಗುತ್ತದೆ.

ಈ ಕೆಲಸಕ್ಕೆ ವರ್ಷದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಬೇಕೆನ್ನುವವರಿಗೆ ಆಯುಧಪೂಜೆಯ ದಿನಕ್ಕಿಂತ ಒಳ್ಳೆಯದು ಮತ್ತೊಂದಿಲ್ಲ. ಅಷ್ಟು ಹೊತ್ತಿಗೆ ದೆಹಲಿಯಲ್ಲಿ ಮಳೆ ಹಿಂದೆ ಸರಿದು, ಚಳಿ ಇನ್ನೂ ಬಾರದೆ, ಹವೆ ಹದವಾಗಿರುತ್ತದೆ. ಗೊಂಬೆಯ ಪೆಟ್ಟಿಗೆ ಹೇಗೂ ಕೆಳಗಿಳಿದಿರುತ್ತದೆ. ವಾಹನವನ್ನೂ ಪುಸ್ತಕವನ್ನೂ ಮನೆಯ ಸಲಕರಣೆಗಳನ್ನೂ ಶುಚಿಗೊಳಿಸಿ ಕುಂಕುಮವಿಡುವ ಆ ದಿನ, ಅಜ್ಜನೂ ಮೊಮ್ಮಗಳೂ ಒಟ್ಟಿಗೆ ಕುಳಿತು ಸಿಕ್ಕಿಕೊಂಡ ಘನವನ್ನು ಬಿಚ್ಚಿ, ಧೂಳು ಒರೆಸಿ, ಬಣ್ಣ ಕೂಡಿಸಿ ಜೋಡಿಸಬಹುದು. ಪೂಜೆಯ ಮಣೆಯ ಮೇಲೆ ಪಟ್ಟದ ಗೊಂಬೆಗಳ ಪಕ್ಕದಲ್ಲಿ ಅದಕ್ಕೂ ಒಂದು ಸ್ಥಾನ ಸಿಗಲಿ.